ಗೆರೆ ಎಳೆದರೆ ಹೊಟ್ಟೆ ತುಂಬೀತೇ?



ಹತ್ತನೆಯ, ಹನ್ನೆರಡನೆಯ ತರಗತಿಗಳ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಕನ್ನಡ ವೇಳೆಗೆ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗಿಬಿಡುತ್ತದೆ. ಹಾಡು ಕೇಳುವವರಿಗಿಂತ ಸಲಹೆ ಕೇಳುವವರು ಹೆಚ್ಚು. ಈ ಸಲ ಡೊಂಬಿವಲಿಯಿಂದ ಹಿರಿಯರೊಬ್ಬರು ಮಾತಾಡಿದರು. ಊರು ಉಡುಪಿ ಕಡೆ, ಇಲ್ಲಿ ಬಹಳ ವರ್ಷಗಳಿಂದ ಸಣ್ಣ ಹೋಟೆಲು. "ಮಾರಾಯ್ರೆ, ಮಗ ಬಿಕಾಂ ಬಿಡ್ತೇನೆ ಅಂತ ಹೇಳ್ತಾನೆ. ಕಾರ್ಟೂನಿಸ್ಟ್ ಆಗ್ಬೇಕಂತೆ. ಅವನ ಫೀಸಿಗೆ ಅಂತ ಇಟ್ಟ ದುಡ್ಡು ಇದೆ, ಇಲ್ಲ ಅಂತಲ್ಲ. ಆದ್ರೆ ಗೆರೆ ಎಳೆದ್ರೆ ಹೊಟ್ಟೆ ತುಂಬ್ತದಾ?" ಎಂದರು. ಹಿಂದಿನಿಂದ ಮಗನ ದನಿಯೂ ಕೇಳುತ್ತಿತ್ತು, "ಅಪ್ಪ, ಫೋನ್ ಇಡಿ" ಅಂತ.

ಅವರ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವ ಒಂದೇ ಪದದ ಉತ್ತರವಿಲ್ಲ. ಎರಡು ಹಾಡುಗಳ ನಡುವೆ ಸಿಗುವ ಮೂವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಮೇಲಾಗಿ ರೇಡಿಯೋದಲ್ಲಿ ಕೂತು ಚಿತ್ರದ ಬಗ್ಗೆ ಮಾತಾಡುವುದೆಂದರೆ ಫೋನಿನಲ್ಲಿ ಊಟ ಬಡಿಸಿದ ಹಾಗೆ. ಆದ್ದರಿಂದ ಈ ತಿಂಗಳ ನಮ್ಮ ಪುಟವನ್ನು ಆ ತಂದೆಗೂ ಮಗನಿಗೂ, ಮನೆಯಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ಮೂಗು ಮೀಸೆ ಬರೆಯುವ ಮಕ್ಕಳಿರುವ ಎಲ್ಲರಿಗೂ ಬಿಟ್ಟುಕೊಟ್ಟಿದ್ದೇನೆ.

ಮೊದಲು ನಮ್ಮ ಮೈಸೂರಿನ ಹುಡುಗನ ಕಥೆ. ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ತಂದೆ ಶಾಲೆಯ ಹೆಡ್‌ಮಾಸ್ಟರು. ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಿದ್ದ ಹುಡುಗ ಅವರು. ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದಾಗ ತಾನೂ ಚಿತ್ರಕಾರನಾಗಬಹುದು ಎನ್ನಿಸಿತಂತೆ. ನೋಡಿ, ಒಂದು ಎಲೆ, ಒಬ್ಬ ಮೇಷ್ಟ್ರು, ಒಂದು ಒಳ್ಳೆಯ ಮಾತು! ಮುಂದೆ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದರು. ನಮ್ಮಲ್ಲಿ ಕಲಿಯುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಮೈಸೂರಿನಲ್ಲೇ ಉಳಿದು ಬಿಎ ಮಾಡಿದರು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿ, "ನೋಡಿದಿರಾ, ಕಾಲೇಜೇ ಬೇಡ" ಎಂದುಬಿಡುತ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಬಿಎ ಓದುತ್ತಿದ್ದಾಗ ಅವರು ಸುಮ್ಮನೆ ಕೂತಿರಲಿಲ್ಲ. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆಯುತ್ತಿದ್ದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಮಾಸಪತ್ರಿಕೆಗೂ ಬರೆದರು. ರಜೆಯಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದರು. ಮುಂಬೈಯ ‘ಫ್ರೀ ಪ್ರೆಸ್ ಜರ್ನಲ್’ ಸೇರುವ ಹೊತ್ತಿಗೆ ಅವರ ಕೈಗೆ ಅಚ್ಚಿನಮನೆಯ ರೂಢಿ ಇತ್ತು. ಇಂತಿಷ್ಟು ಅಳತೆ, ಇಂತಿಷ್ಟು ಹೊತ್ತಿಗೆ ಚಿತ್ರ ಕೈ ಸೇರಬೇಕು ಎನ್ನುವುದು ಗೊತ್ತಿತ್ತು. ಫ್ರೀ ಪ್ರೆಸ್‌ನಲ್ಲಿ ಅವರ ಜೊತೆ ಚಿತ್ರ ಬರೆಯುತ್ತಿದ್ದವರು ಬಾಳ ಠಾಕ್ರೆ. ಅವರು 1960ರಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ತೆಗೆದು ಬೇರೆ ದಾರಿ ಹಿಡಿದರು. ಲಕ್ಷ್ಮಣ್ ಅವರು ಬೋರಿಬಂದರಿನ ‘ಟೈಮ್ಸ್ ಆಫ್ ಇಂಡಿಯಾ’ ಕಟ್ಟಡ ಸೇರಿ ಐವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಗೆರೆ ಎಳೆದರು.

ಚೌಕಳಿ ಕೋಟು, ಪಂಚೆ, ಕನ್ನಡಕ, ಪೊದೆ ಮೀಸೆಯ ಆ ‘ಶ್ರೀಸಾಮಾನ್ಯ’ ಬಂದದ್ದು 1951ರಲ್ಲಿ. ಅವನು ಹುಟ್ಟಿದ ಬಗೆ ಕೇಳಿದರೆ ನಿಮಗೆ ನಗು ಬಂದೀತು. ಭಾರತದ ಜನಸಾಮಾನ್ಯರನ್ನು ತೋರಿಸಬೇಕೆಂದು ಲಕ್ಷ್ಮಣ್ ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಹೀಗೆ ಒಂದು ಗುಂಪನ್ನೇ ಬರೆಯುತ್ತಿದ್ದರಂತೆ. ಸಂಜೆ ಹೊತ್ತಿಗೆ ಚಿತ್ರ ಕೊಡಬೇಕು, ಅಷ್ಟು ಜನರನ್ನು ದಿನಾ ಬರೆಯಲು ವೇಳೆ ಎಲ್ಲಿದೆ? ಒಬ್ಬೊಬ್ಬರೇ ಕಡಿಮೆಯಾಗುತ್ತಾ ಬಂದು ಕೊನೆಗೆ ಉಳಿದವನು ಈತ. ಒಂದು ಮಾತನ್ನೂ ಆಡದ ಈ ಮನುಷ್ಯ 1988ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ವಿಮಾನ ಕಂಪನಿಯ ಗುರುತಾದ, ವರ್ಲಿ ಸೀಫೇಸಿನಲ್ಲೂ ಪುಣೆಯ ಸಿಂಬಯಾಸಿಸ್‌ನಲ್ಲೂ ಪ್ರತಿಮೆಯಾಗಿ ನಿಂತ. ಪುಣೆಯ ಕೇಳುಗರು ಬಾಳೇವಾಡಿಯಲ್ಲಿ 2022ರಲ್ಲಿ ತೆರೆದ ಆರ್.ಕೆ. ಲಕ್ಷ್ಮಣ್ ವಸ್ತುಸಂಗ್ರಹಾಲಯಕ್ಕೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ತೀರಿಕೊಂಡದ್ದೂ ಪುಣೆಯಲ್ಲೇ, 2015ರ ಜನವರಿ 26ರಂದು.

ಸಂಬಳದ ಕುರ್ಚಿ

ಇಷ್ಟು ಕೇಳಿ ಡೊಂಬಿವಲಿಯ ಹುಡುಗ ಖುಷಿಯಾಗಿರಬಹುದು. ಈಗ ಅವರಪ್ಪನ ಕಡೆಯ ಮಾತು. ಪತ್ರಿಕೆಯಲ್ಲಿ ತಿಂಗಳ ಸಂಬಳ, ಸ್ವಂತ ಮೇಜು, ಹಬ್ಬಕ್ಕೆ ಬೋನಸ್ ಪಡೆಯುವ ವ್ಯಂಗ್ಯಚಿತ್ರಕಾರರ ಕುರ್ಚಿಗಳು ಯಾವತ್ತೂ ಹೆಚ್ಚಿರಲಿಲ್ಲ. ಈಗ ಇನ್ನೂ ಕಡಿಮೆ. ಒಂದು ಪತ್ರಿಕೆಗೆ ಹತ್ತಾರು ವರದಿಗಾರರು ಬೇಕು, ವ್ಯಂಗ್ಯಚಿತ್ರಕಾರ ಒಬ್ಬರಿದ್ದರೆ ಸಾಕು, ಅವರು ನಿವೃತ್ತರಾದರೆ ಜಾಗ ಖಾಲಿ ಬಿದ್ದಿರುವುದೂ ಉಂಟು. ನಮ್ಮ ದೇಶದ ಮಾತಷ್ಟೇ ಅಲ್ಲ. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ದಿನದ ರಾಜಕೀಯ ವ್ಯಂಗ್ಯಚಿತ್ರವನ್ನು 2019ರ ಜುಲೈನಿಂದ ನಿಲ್ಲಿಸಿಯೇಬಿಟ್ಟಿತು. ಆದ್ದರಿಂದ ‘ಲಕ್ಷ್ಮಣ್ ಹಾಗೆ ಒಂದು ಪತ್ರಿಕೆ ಸೇರಿ ಅಲ್ಲೇ ಇರುತ್ತೇನೆ’ ಎಂದುಕೊಂಡು ಹೊರಡುವವರಿಗೆ ಆ ರಸ್ತೆ ಈಗ ಹೆಚ್ಚುಕಡಿಮೆ ಮುಚ್ಚಿದೆ ಎಂದೇ ಹೇಳಬೇಕಾಗುತ್ತದೆ.

ಹಾಗೆಂದು ಗೆರೆಯ ಕೆಲಸವೇ ಇಲ್ಲವೆಂದಲ್ಲ. ಅದು ಚೂರುಚೂರಾಗಿ ಹಲವು ಕಡೆ ಹಂಚಿಹೋಗಿದೆ. ಜಾಹೀರಾತು ಏಜೆನ್ಸಿಗಳಿಗೆ ಚಿತ್ರೀಕರಣಕ್ಕೆ ಮೊದಲು ಸ್ಟೋರಿಬೋರ್ಡ್ ಬರೆಯುವವರು ಬೇಕು. ಅನಿಮೇಶನ್ ಸ್ಟುಡಿಯೋ, ಆಟದ ಆ್ಯಪ್‌ಗಳು, ಮಕ್ಕಳ ಪುಸ್ತಕ, ಪಠ್ಯಪುಸ್ತಕ, ಕಂಪನಿಗಳ ತರಬೇತಿ ಪುಸ್ತಿಕೆ, ಬ್ಯಾಂಕಿನ ಕ್ಯಾಲೆಂಡರು ಎಲ್ಲಕ್ಕೂ ಚಿತ್ರ ಬೇಕು. ಮದುವೆಯ ರಿಸೆಪ್ಶನ್‌ನಲ್ಲಿ ಕೂತು ಐದೈದು ನಿಮಿಷಕ್ಕೆ ಒಬ್ಬೊಬ್ಬರ ಮುಖ ಬರೆದುಕೊಡುವ ಕ್ಯಾರಿಕೇಚರ್ ಕೆಲಸ ಮುಂಬೈ, ಹೈದರಾಬಾದಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ; ಗಂಟೆಯ ಲೆಕ್ಕದಲ್ಲಿ ಹಣ. ದೊಡ್ಡ ಕಲಾವಿದರು ಇದನ್ನು ಕೀಳೆಂದು ನೋಡುವುದುಂಟು. ನಾನು ಹಾಗೆ ನೋಡುವುದಿಲ್ಲ. ಒಂದು ಸಂಜೆಗೆ ಮೂವತ್ತು ನಲವತ್ತು ಜೀವಂತ ಮುಖಗಳನ್ನು ಬರೆಯುವ ಅಭ್ಯಾಸ ಯಾವ ಕಾಲೇಜು ಕೊಟ್ಟೀತು?

ಈಗ ಕುಂದಾಪುರದ ಸತೀಶ್ ಆಚಾರ್ಯರ ದಾರಿ ನೋಡಿ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಕನ್ನಡ ವಾರಪತ್ರಿಕೆಗಳಿಗೆ ನಗೆಚಿತ್ರ ಕಳಿಸುತ್ತಿದ್ದರು. ಎಂಬಿಎ ಮಾಡಿದರು, ಮುಂಬೈಗೆ ಬಂದು ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಹಿಡಿದರು, ಅದನ್ನು ಬಿಟ್ಟು ‘ಮಿಡ್-ಡೇ’ ಪತ್ರಿಕೆಯ ವ್ಯಂಗ್ಯಚಿತ್ರಕಾರರಾದರು. ಆಮೇಲೆ ಊರಿಗೇ ಮರಳಿ, ಕುಂದಾಪುರದಲ್ಲಿ ಕೂತೇ ದೇಶದ ಪತ್ರಿಕೆಗಳಿಗೆ ಬರೆಯುತ್ತಿದ್ದಾರೆ. 2018ರಲ್ಲಿ ದೆಹಲಿಯ ಪತ್ರಿಕೆಯೊಂದು ಅವರ ಒಂದು ಚಿತ್ರವನ್ನು ಒಲ್ಲೆ ಎಂದಾಗ ಅದು ದೊಡ್ಡ ಸುದ್ದಿಯಾಯಿತು. ಅಂಥ ದಿನ ಒಂದೇ ಪತ್ರಿಕೆಯನ್ನು ನಂಬಿ ಕೂತವರ ಗತಿ ಏನು? ಅವರಿಗೆ ಬೇರೆ ಕಡೆ ಓದುಗರಿದ್ದರು, ಗೆರೆ ನಿಲ್ಲಲಿಲ್ಲ.

ಅದೇ ಕಡಲ ಕರೆಯ ಪಂಜು ಗಂಗೊಳ್ಳಿ ಮುಂಬೈಯ ‘ಬಿಸಿನೆಸ್ ಇಂಡಿಯಾ’ದಲ್ಲಿ ಚಿತ್ರ ಬರೆದವರು. ಕುಂದಾಪ್ರ ಕನ್ನಡದ ನಿಘಂಟನ್ನೂ ಕಟ್ಟಿಸಿದರು. ವ್ಯಂಗ್ಯಚಿತ್ರಕಾರನೊಬ್ಬ ನಿಘಂಟಿಗೆ ಕೈಹಾಕಿದ್ದು ನನಗೆ ವಿಚಿತ್ರವೆನ್ನಿಸುವುದಿಲ್ಲ. ಕಿವಿ ಚುರುಕಿಲ್ಲದವನಿಗೆ ನಗೆಚಿತ್ರ ಬರುವುದಿಲ್ಲ. ಬೆಂಗಳೂರಿನ ಮಾಯಾ ಕಾಮತ್ ಅವರ ದಾರಿ ಇನ್ನೊಂದು ಬಗೆ. 1980ರ ದಶಕದಲ್ಲಿ ‘ಡೆಕ್ಕನ್ ಹೆರಾಲ್ಡ್’ನಲ್ಲಿ ‘ಗೀತಾ’ ಎಂಬ ಮನೆವಾರ್ತೆಯ ಸ್ಟ್ರಿಪ್ ಬರೆದು, ಅಲ್ಲಿಂದ ‘ಏಷ್ಯನ್ ಏಜ್’ನ ರಾಜಕೀಯ ವ್ಯಂಗ್ಯಚಿತ್ರಗಳವರೆಗೆ ಹೋದರು. ರಾಜಕೀಯ ವ್ಯಂಗ್ಯಚಿತ್ರದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. 2001ರಲ್ಲಿ ಐವತ್ತರ ಹರೆಯದಲ್ಲೇ ಹೋಗಿಬಿಟ್ಟರು. ಅವರ ಚಿತ್ರಗಳ ಸಂಗ್ರಹ ಇಲ್ಲೇ ಮುಂಬೈಯ ‘ಸ್ಪ್ಯಾರೋ’ ಎಂಬ ಮಹಿಳಾ ದಾಖಲೆ ಸಂಸ್ಥೆಯಲ್ಲಿದೆ. ಅಡುಗೆಮನೆಯ ಜಗಳದಿಂದ ಸಂಸತ್ತಿನ ಜಗಳಕ್ಕೆ ಹೋಗುವುದು ದೊಡ್ಡ ದೂರವೇನಲ್ಲ ಎಂದು ಅವರ ಗೆರೆ ನೋಡಿದರೆ ಗೊತ್ತಾಗುತ್ತದೆ.

ಇವರೆಲ್ಲರಲ್ಲೂ ಒಂದು ಸಂಗತಿ ಗಮನಿಸಿದಿರಾ? ಮೊದಲು ಗೆರೆ ಅಚ್ಚಾಯಿತು, ಆಮೇಲೆ ಅದು ಕಸುಬಾಯಿತು. ಆದ್ದರಿಂದ ಹೋಟೆಲಿನ ಯಜಮಾನರಿಗೆ ನನ್ನ ಉತ್ತರ ಇಷ್ಟು: ಹುಡುಗ ಬಿಕಾಂ ಮುಗಿಸಲಿ, ಆ ಮೂರು ವರ್ಷ ವಾರಕ್ಕೆ ಎರಡಾದರೂ ಚಿತ್ರ ಎಲ್ಲಿಗಾದರೂ ಕಳಿಸಲಿ. ಮೂರು ವರ್ಷದಲ್ಲಿ ಮುನ್ನೂರು ಚಿತ್ರವಾದವು. ಮುನ್ನೂರರಲ್ಲಿ ಎಷ್ಟು ಅಚ್ಚಾದವು, ಅದಕ್ಕೆ ಎಷ್ಟು ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೋಟೆಲಿನವರಿಗೆ ಲೆಕ್ಕದ ಪುಸ್ತಕದ ಭಾಷೆ ನಾನು ಹೇಳಿಕೊಡಬೇಕೇ? ಬಿಕಾಂ ಕೂಡ ವ್ಯರ್ಥವಲ್ಲ. ಬಜೆಟ್ಟು, ಬಡ್ಡಿ, ಷೇರುಪೇಟೆ ತಿಳಿದು ಬರೆಯಬಲ್ಲ ವ್ಯಂಗ್ಯಚಿತ್ರಕಾರರು ಎಷ್ಟು ಮಂದಿ ಇದ್ದಾರೆ ಹೇಳಿ.

ಒಂದು ಚಿತ್ರ ಹುಟ್ಟುವ ಬಗೆ

ಕೈ ಚೆನ್ನಾಗಿದೆ ಎನ್ನುವುದು ಈ ಕೆಲಸದಲ್ಲಿ ಅರ್ಧಕ್ಕಿಂತ ಕಡಿಮೆ. ಪತ್ರಿಕೆಯ ವ್ಯಂಗ್ಯಚಿತ್ರಕಾರರ ದಿನ ಬೆಳಿಗ್ಗೆ ಐದಾರು ಪತ್ರಿಕೆ ಓದುವುದರಿಂದ ಶುರುವಾಗುತ್ತದೆ. ಮಧ್ಯಾಹ್ನದೊಳಗೆ ಮೂರು ನಾಲ್ಕು ವಿಚಾರ ಪೆನ್ಸಿಲಿನಲ್ಲಿ ಗೀಚಿ ಸಂಪಾದಕರಿಗೆ ತೋರಿಸಬೇಕು, ಒಂದನ್ನು ಅವರು ಒಪ್ಪಬೇಕು, ಸಂಜೆಯೊಳಗೆ ಅಚ್ಚುಕಟ್ಟಾಗಿ ಮುಗಿಸಿ ಕೊಡಬೇಕು. ತಲೆನೋವಿದೆ, ಇವತ್ತು ಏನೂ ಹೊಳೆಯಲಿಲ್ಲ ಎನ್ನುವ ಹಾಗಿಲ್ಲ. ಬಿಳಿ ಜಾಗ ಕಾಯುತ್ತಿರುತ್ತದೆ. (ನಮ್ಮ ಸ್ಟುಡಿಯೋದ ಕೆಂಪು ದೀಪದ ಹಾಗೆಯೇ. ಅದು ಹೊತ್ತಿಕೊಂಡ ಮೇಲೆ ಕೆಮ್ಮುವ ಹಾಗೂ ಇಲ್ಲ.)

ವಿಚಾರ ಹೊಳೆಯುವುದು ಹೇಗೆ ಎಂದು ಒಂದು ಉದಾಹರಣೆ ಕಟ್ಟಿ ನೋಡೋಣ. ಸುದ್ದಿ ಏನು? ಮುಂಬೈಯ ಮೊದಲ ದೊಡ್ಡ ಮಳೆ, ಹಳಿಯ ಮೇಲೆ ನೀರು, ಲೋಕಲ್ ನಿಂತಿದೆ. ತಟ್ಟನೆ ಹೊಳೆಯುವುದು ದೋಣಿ: ರೈಲಿನ ಬದಲು ದೋಣಿ. ನಿಮಗೆ ಹೊಳೆದದ್ದು ಇನ್ನೂ ಐವತ್ತು ಮಂದಿಗೆ ಹೊಳೆದಿರುತ್ತದೆ, ಬಿಟ್ಟುಬಿಡಿ. ಎರಡನೆಯದು: ಈಜುತ್ತಿರುವವನನ್ನು ಟಿಸಿ ತಡೆದು ಟಿಕೆಟ್ ಕೇಳುತ್ತಿದ್ದಾನೆ. ಪರವಾಗಿಲ್ಲ, ಆದರೆ ಇದರಲ್ಲಿ ಟಿಸಿಗೆ ಪೆಟ್ಟು ಬೀಳುತ್ತದೆಯೇ ಹೊರತು ನೀರು ನಿಲ್ಲಿಸಲಾಗದವರಿಗಲ್ಲ. ಇನ್ನೂ ಸ್ವಲ್ಪ ಕೂತರೆ ಮೂರನೆಯದು ಬಂದೀತು. ಮಳೆಗಾಲದಲ್ಲಿ ಮುಂಬೈ ಪತ್ರಿಕೆಗಳು ಸಮುದ್ರದ ಉಬ್ಬರದ ವೇಳೆಯನ್ನು ಅಚ್ಚು ಹಾಕುತ್ತವಲ್ಲ? ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ರೈಲಿನ ಬದಲು ಉಬ್ಬರದ ವೇಳೆ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಡಬ್ಬಿ ಹಿಡಿದು ನಿಂತ ಇಬ್ಬರು. ಒಬ್ಬ ಗಡಿಯಾರ ನೋಡಿಕೊಂಡು ಹೇಳುತ್ತಾನೆ: "8.12ರ ಫಾಸ್ಟ್ ಉಬ್ಬರ ತಪ್ಪಿಹೋಯ್ತು."

ಈಗ ನೋಡಿ, ಇಲ್ಲಿ ಯಾರನ್ನೂ ಬೈದಿಲ್ಲ. ಆದರೆ ಪ್ರತಿವರ್ಷ ಹೀಗೇ ಆಗುತ್ತದೆ, ನಮಗೆ ರೂಢಿಯಾಗಿಬಿಟ್ಟಿದೆ, ರೂಢಿಯಾದದ್ದೇ ಅವಮಾನ ಎನ್ನುವುದು ಓದುವವನ ಎದೆಗೆ ತಾಗುತ್ತದೆ. ಮಾತಿನ ಕಡೆಯೂ ಗಮನಿಸಿ. "ಅಯ್ಯೋ, ಈ ಸಲವೂ ನಾವು ತಡವಾಗಿ ಬಂದ ಕಾರಣ 8.12ರ ಉಬ್ಬರ ತಪ್ಪಿಹೋಯಿತಲ್ಲ" ಎಂದು ಬರೆದರೆ ಜೀವವೇ ಹೋಯಿತು. ನಾನು ಮಕ್ಕಳಿಗೆ ಹೇಳುವ ಪರೀಕ್ಷೆ ಸುಲಭದ್ದು: ಕೈಯಿಂದ ಚಿತ್ರ ಮುಚ್ಚಿ ಮಾತು ಮಾತ್ರ ಓದಿ. ಆಗಲೂ ಪೂರ್ತಿ ಅರ್ಥವಾದರೆ ಚಿತ್ರ ಅಲ್ಲಿ ಸುಮ್ಮನೆ ಕೂತಿದೆ. ಮಾತು ಮುಚ್ಚಿ ಚಿತ್ರ ನೋಡಿ, ಪೂರ್ತಿ ಅರ್ಥವಾದರೆ ಮಾತನ್ನೇ ತೆಗೆದುಹಾಕಿ.

ಮಾತೇ ಇಲ್ಲದೆ ಬದುಕಿದವರೂ ಇದ್ದಾರೆ. ಪುಣೆಯ ಶಿ.ದ. ಫಡ್ನೀಸ್ ಅವರ ಬಣ್ಣದ ನಗೆಚಿತ್ರಗಳು ಮರಾಠಿ ಓದುಗರ ಮನೆಮಾತು. ಅವರು ಹುಟ್ಟಿದ್ದು 1925ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಭೋಜ ಎಂಬ ಊರಿನಲ್ಲಿ. ಅವರ ಹೆಚ್ಚಿನ ಚಿತ್ರಗಳಲ್ಲಿ ಒಂದಕ್ಷರವೂ ಇಲ್ಲ. ಹೊರನಾಡಿನ ನಮ್ಮ ಮಕ್ಕಳಿಗೆ ಇದು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಅವರು ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಇಂಗ್ಲಿಷು, ರಸ್ತೆಯಲ್ಲಿ ಮರಾಠಿ, ಹಿಂದಿ, ತೆಲುಗು ಅಥವಾ ತಮಿಳು ಆಡುತ್ತಾ ಬೆಳೆಯುತ್ತಾರೆ. ಯಾವ ಭಾಷೆಯಲ್ಲಿ ನಗಿಸಬೇಕು ಎಂದು ತಬ್ಬಿಬ್ಬಾಗುತ್ತಾರೆ. ಮಾತಿಲ್ಲದ ಚಿತ್ರಕ್ಕೆ ಗಡಿಯಿಲ್ಲ. ಆದರೆ ಮಾತು ಬೇಕೆಂದಾದರೆ ಮನೆಯ ಮಾತೇ ಬೇಕು. ಪುಸ್ತಕದ ಕನ್ನಡದಲ್ಲಿ ಬೈದರೆ ಯಾರಿಗೂ ತಾಗುವುದಿಲ್ಲ. ‘ಪ್ರಜಾವಾಣಿ’ಯ ‘ಚಿನಕುರಳಿ’ಯಲ್ಲಿ ಪಿ. ಮಹಮ್ಮದ್ ಅವರ ಪಾತ್ರಗಳು ಆಡಿದ ಮಾತು ನೆನಪಿಸಿಕೊಳ್ಳಿ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಹಾಗೇ ಇರುತ್ತಿತ್ತು.

ಸಹಿ ಹಾಕುವ ಮೊದಲು

ಈಗ ಎಲ್ಲರೂ ಹಾರಿಸಿಬಿಡುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಠಾಣೆಯ ಕಡೆಯ ನಮ್ಮ ಕೇಳುಗರೊಬ್ಬರ ಮಗ ತಿಂಡಿ ತಯಾರಿಸುವ ಕಂಪನಿಯೊಂದಕ್ಕೆ ಪುಟ್ಟ ಗಿಳಿಯ ಗುರುತು ಬರೆದುಕೊಟ್ಟ. ಒಂದು ಸಲಕ್ಕೆ ಇಷ್ಟು ಎಂದು ಹಣ ಕೊಟ್ಟರು, ಹುಡುಗ ಸಂತೋಷದಿಂದ ಕಾಗದಕ್ಕೆ ಸಹಿ ಹಾಕಿದ. ವರ್ಷ ಕಳೆಯುವಷ್ಟರಲ್ಲಿ ಗಿಳಿ ಪೊಟ್ಟಣದ ಮೇಲೆ, ಟೆಂಪೋದ ಮೇಲೆ, ಮಕ್ಕಳ ಬ್ಯಾಗಿನ ಮೇಲೆ. ಹುಡುಗ ಕೇಳಲು ಹೋದಾಗ ಅವರು ತೋರಿಸಿದ್ದು ಅವನದೇ ಸಹಿ. ಎಲ್ಲ ಹಕ್ಕು, ಎಲ್ಲ ಕಾಲಕ್ಕೆ, ಎಲ್ಲ ದೇಶಕ್ಕೆ ಎಂದು ಬರೆದಿತ್ತು. ಗುರುತಿನ ಚಿತ್ರವೊಂದು ಎಷ್ಟು ವರ್ಷ ದುಡಿಯಬಲ್ಲದು ಎನ್ನುವುದಕ್ಕೆ ಲಕ್ಷ್ಮಣ್ ಅವರದೇ ಉದಾಹರಣೆ ಸಾಕು. ಏಷ್ಯನ್ ಪೇಂಟ್ಸ್‌ಗೆ 1954ರಲ್ಲಿ ಅವರು ಬರೆದ, ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ‘ಗಟ್ಟು’ ಅರ್ಧ ಶತಮಾನದಷ್ಟು ಕಾಲ ಡಬ್ಬಿಗಳ ಮೇಲೆ ನಿಂತಿದ್ದ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಕಲಾವಿದರ ಪರ ಸಾಕಷ್ಟು ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೆ. ನೀವು ಯಾರ ನೌಕರರೂ ಅಲ್ಲದೆ ಮನೆಯಲ್ಲಿ ಕೂತು ಬರೆದ ನಗೆಚಿತ್ರದ ಒಡೆತನ ಸಾಮಾನ್ಯವಾಗಿ ನಿಮ್ಮದು. ಪತ್ರಿಕೆಯ ಸಂಬಳದ ಮೇಲಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪತ್ರಿಕೆಯಲ್ಲಿ ಅಚ್ಚುಹಾಕುವ ಹಕ್ಕು ಮಾಲೀಕರದು. ಪುಸ್ತಕ, ಅಂಗಿ, ಬಟ್ಟಲು ಮುಂತಾದ ಉಳಿದ ಹಕ್ಕು ಬರೆದವರದೇ. ಜಾಹೀರಾತು ಸಂಸ್ಥೆ, ಅನಿಮೇಶನ್ ಸ್ಟುಡಿಯೋಗಳ ನೌಕರಿಯಲ್ಲಿ ಹಾಗಲ್ಲ, ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಇರಲೇಬೇಕು, ಬಾಯಿಮಾತು ನಡೆಯುವುದಿಲ್ಲ. ಆ ಕಾಗದದಲ್ಲಿ ಎಷ್ಟು ಕಾಲ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಕಾಯಿದೆ ತಿಳಿಯುತ್ತದೆ. ಹಾಗಾಗಿ "ಎಲ್ಲ ಕಾಲಕ್ಕೆ, ಎಲ್ಲ ದೇಶಕ್ಕೆ" ಎನ್ನುವ ಆ ಎರಡು ಪದಗುಚ್ಛಗಳೇ ಹುಡುಗನ ಗಿಳಿಯನ್ನು ಹಾರಿಸಿಕೊಂಡು ಹೋದದ್ದು. ಅವನ್ನು ಹೊಡೆದುಹಾಕಿ, "ಪೊಟ್ಟಣಕ್ಕೆ ಮಾತ್ರ, ಎರಡು ವರ್ಷ" ಎಂದು ಬರೆಸಬಹುದಿತ್ತು. ಕಂಪನಿ ಒಪ್ಪದೆ ಇರಬಹುದಿತ್ತು, ನಿಜ. ಆಗ ಹೆಚ್ಚು ಹಣ ಕೇಳಬಹುದಿತ್ತು.

ಕೃತಿಸ್ವಾಮ್ಯ ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. 2015ರಲ್ಲಿ ತೀರಿಕೊಂಡ ಲಕ್ಷ್ಮಣ್ ಅವರ ಗೆರೆಗಳಿಗೆ, ಹಕ್ಕು ಯಾರ ಕೈಯಲ್ಲೇ ಇರಲಿ, 2075ರ ಕೊನೆಯವರೆಗೂ ಬೆಲೆಯಿದೆ. ಅಂದಮೇಲೆ ನಿಮ್ಮ ಮಗ ಇವತ್ತು ಹಾಕುವ ಸಹಿ ಅವನ ಮೊಮ್ಮಕ್ಕಳಿಗೂ ತಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಚಿತ್ರ ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ಆದರೂ ಒಂದು ಪಾತ್ರವನ್ನು ಕಟ್ಟಿ ಬೆಳೆಸುವ ಯೋಚನೆಯಿದ್ದರೆ ನೋಂದಾಯಿಸುವುದು ಒಳ್ಳೆಯದು, ಮುಂದೆ ಜಗಳವಾದಾಗ ಸಾಕ್ಷಿಗೆ ಬರುತ್ತದೆ.

ಇನ್ನೊಂದು ಬಗೆಯ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. 1987ರಲ್ಲಿ ‘ಆನಂದ ವಿಕಟನ್’ ಮುಖಪುಟದ ಒಂದು ನಗೆಚಿತ್ರಕ್ಕಾಗಿ ತಮಿಳುನಾಡು ವಿಧಾನಸಭೆ ಅದರ ಸಂಪಾದಕರಿಗೆ ಮೂರು ತಿಂಗಳ ಸೆರೆವಾಸ ವಿಧಿಸಿತ್ತು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಬಿಡಬೇಕಾಯಿತು. 2012ರಲ್ಲಿ ಅಸೀಮ್ ತ್ರಿವೇದಿ ಅವರನ್ನು ಮುಂಬೈಯಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧಿಸಿದರು. ಆ ಆರೋಪವನ್ನು ಸರ್ಕಾರ ಆಮೇಲೆ ಕೈಬಿಟ್ಟಿತು. ಅದೇ 2012ರಲ್ಲಿ, ಶಂಕರ್ ಅವರು 1949ರಲ್ಲಿ ಬರೆದಿದ್ದ ಅಂಬೇಡ್ಕರ್–ನೆಹರೂ ಚಿತ್ರ ಪಠ್ಯಪುಸ್ತಕದಲ್ಲಿದ್ದುದಕ್ಕೆ ಸಂಸತ್ತಿನಲ್ಲಿ ಕೋಲಾಹಲವಾಯಿತು. ಬರೆದ ದಿನ ನಕ್ಕು ಮರೆತ ಚಿತ್ರ ಅರವತ್ತು ವರ್ಷದ ಮೇಲೆ ಬೇರೆ ಕಣ್ಣುಗಳಿಗೆ ಬೇರೆಯಾಗಿ ಕಂಡು ನೋವು ಕೊಡಬಹುದು. ಮಾನಹಾನಿ ಈಗಲೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು. ಹೆದರಿ ಕೂರಬೇಕೆಂದಲ್ಲ. ದೊಡ್ಡ ಪತ್ರಿಕೆಯ ಹಿಂದೆ ವಕೀಲರಿರುತ್ತಾರೆ, ತನ್ನ ಫೋನಿನಿಂದಲೇ ಚಿತ್ರ ಹರಿಯಬಿಡುವ ಹುಡುಗನ ಹಿಂದೆ ಅವನ ಅಪ್ಪ ಅಮ್ಮ ಮಾತ್ರ. ಗದ್ದುಗೆಯ ಮೇಲಿರುವವರನ್ನು ನಗುವುದಕ್ಕೂ ನೆಲದ ಮೇಲಿರುವವರನ್ನು ನಗುವುದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ.

ಕಲಿಯುವ ಜಾಗಗಳ ಬಗ್ಗೆ ಎರಡು ಮಾತು. ವ್ಯಂಗ್ಯಚಿತ್ರಕ್ಕೆಂದೇ ಪದವಿ ಹುಡುಕಿಕೊಂಡು ಅಲೆಯಬೇಡಿ. ಅನ್ವಯಿಕ ಕಲೆ ಅಥವಾ ಅನಿಮೇಶನ್ ಓದಬೇಕೆಂದರೆ ಮುಂಬೈಯ ಜೆ.ಜೆ., ಐಐಟಿಯ ವಿನ್ಯಾಸ ವಿಭಾಗ, ಚೆನ್ನೈಯ ಸರ್ಕಾರಿ ಲಲಿತಕಲಾ ಕಾಲೇಜು, ದೆಹಲಿಯ ಕಾಲೇಜ್ ಆಫ್ ಆರ್ಟ್, ಊರಿಗೆ ಹೋಗುವುದಾದರೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಐಐಟಿಗೆ ‘ಯುಸೀಡ್’ ಪರೀಕ್ಷೆ ಬರೆಯಬೇಕು. ಮಹಾರಾಷ್ಟ್ರದ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಸರ್ಕಾರವೇ ನಡೆಸುವ ಎಲಿಮೆಂಟರಿ, ಇಂಟರ್ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸಿ, ಕೈ ಕುದುರುತ್ತದೆ. ದೆಹಲಿಯವರು ಮಕ್ಕಳನ್ನು 1949ರಿಂದ ನಡೆದುಬಂದ ಶಂಕರ್ ಅಂತರರಾಷ್ಟ್ರೀಯ ಮಕ್ಕಳ ಸ್ಪರ್ಧೆಗೆ ಕಳಿಸಬಹುದು. ಬೆಂಗಳೂರಿಗೆ ರಜೆಯಲ್ಲಿ ಹೋದಾಗ ಎಂ.ಜಿ. ರಸ್ತೆಯ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ತೆರೆದ ಗ್ಯಾಲರಿ ನೋಡಿ ಬನ್ನಿ. ಮೂಲ ಚಿತ್ರದಲ್ಲಿ ಅಳಿಸಿದ ಪೆನ್ಸಿಲ್ ಗೆರೆ, ಬಿಳಿ ಬಣ್ಣದ ತೇಪೆ ಕಾಣುತ್ತದೆ. ಅಚ್ಚಾದ ಮೇಲೆ ಅದು ಕಾಣದು.

ಕಂಪ್ಯೂಟರೇ ಚಿತ್ರ ಬರೆಯುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೆಲವರು ಕೇಳಿದ್ದಾರೆ. ಸಾಧಾರಣ ಕೆಲಸ, ಅಂದರೆ ಲೇಖನದ ಪಕ್ಕ ತುಂಬಿಸುವ ಚಿತ್ರ, ಹುಟ್ಟುಹಬ್ಬದ ಕಾರ್ಡು, ಕೈತಪ್ಪುತ್ತಿದೆ, ಅದನ್ನು ಅಲ್ಲಗಳೆಯುವುದಿಲ್ಲ. ದೋಣಿಯ ವಿಚಾರ ಯಂತ್ರಕ್ಕೂ ತಟ್ಟನೆ ಹೊಳೆಯುತ್ತದೆ. ಉಳಿಯಬೇಕಾದವರು ಮೂರನೆಯ ವಿಚಾರದವರೆಗೆ ಕೂರಬೇಕು.

ಇನ್ನು ಚಿತ್ರ ಕಳಿಸುವ ಕ್ರಮ. ಒಂದು ಕಡೆಗೆ ಒಮ್ಮೆಗೆ ಐದಾರು ಚಿತ್ರ ಸಾಕು. ದಪ್ಪ ಬಿಳಿ ಕಾಗದ, ಕಪ್ಪು ಶಾಯಿ, ಅಚ್ಚಿನ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬರೆದರೆ ಕುಗ್ಗಿಸಿದಾಗ ಗೆರೆ ಬಿಗಿಯಾಗುತ್ತದೆ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ. ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ, ಚಿತ್ರದ ಹಿಂದೆ ಹೆಸರು, ತಾರೀಕು ಬರೆಯಿರಿ. ಸುದ್ದಿಯ ಚಿತ್ರವನ್ನು ವಾರಪತ್ರಿಕೆಗೆ ಕಳಿಸಬೇಡಿ, ಅಚ್ಚಾಗುವಷ್ಟರಲ್ಲಿ ಹಳಸಿರುತ್ತದೆ. ಅವರಿಗೆ ಮನೆ, ಕಚೇರಿ, ಮದುವೆ, ಡಾಕ್ಟರು ಸಾಕು. ಮೊದಲ ಮೆಟ್ಟಿಲಿಗೆ ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಿವೆ, ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ‘ನೇಸರು’ ಥರದ ಪತ್ರಿಕೆಗಳಿವೆ. ಹಣ ಕಡಿಮೆ, ಆದರೆ ಪುಟ ಸಿಗುತ್ತದೆ. ಮಾತಿಲ್ಲದ ಚಿತ್ರ ಬರೆಯುವ ಮುಂಬೈ, ಪುಣೆಯ ಹುಡುಗ ಹುಡುಗಿಯರು ಮರಾಠಿ ದೀಪಾವಳಿ ಅಂಕಗಳನ್ನು ಮರೆಯಬೇಡಿ. ಅಲ್ಲಿ ನಗೆಚಿತ್ರಕ್ಕೆಂದೇ ಪುಟಗಳಿರುತ್ತವೆ. ಆ ಸಂಚಿಕೆಗಳ ಕೆಲಸ ಮಳೆಗಾಲದಲ್ಲೇ ಶುರುವಾಗುತ್ತದೆ. ಗಣಪತಿ ಹಬ್ಬ ಮುಗಿಯಲಿ ಎಂದು ಕೂತರೆ ಪುಟಗಳು ತುಂಬಿಹೋಗಿರುತ್ತವೆ.